ಸುತ್ತುವ ಕೈ, ಬಿಚ್ಚುವ ಕೈ

ಠಾಣೆ–ಬೇಲಾಪುರ ರಸ್ತೆಯಲ್ಲಿ ಸಂಜೆಯ ಹೊತ್ತು ಓಡಾಡಿದವರಿಗೆ ರಬಾಳೆಯ ಬಳಿಯ ಒಂದು ನೋಟ ಚೆನ್ನಾಗಿ ಪರಿಚಿತ. ಕಾರಖಾನೆಗಳ ಗೇಟಿನಿಂದ ಲಾರಿಗಳು ಒಂದರ ಹಿಂದೆ ಒಂದರಂತೆ ಹೊರಬೀಳುತ್ತವೆ. ಅವುಗಳೊಳಗೆ ಮರದ ಹಲಗೆಯ ಮಣೆಗಳ ಮೇಲೆ ಆಳೆತ್ತರಕ್ಕೆ ಪೇರಿಸಿಟ್ಟ ಪೆಟ್ಟಿಗೆಗಳು. ಅವುಗಳ ಸುತ್ತ ಬಿಗಿಯಾಗಿ ಸುತ್ತಿದ, ಬಿಸಿಲು ಬಿದ್ದರೆ ನೀರಿನಂತೆ ಹೊಳೆಯುವ ತೆಳು ಪ್ಲಾಸ್ಟಿಕ್ ಹಾಳೆ. ವ್ಯಾಪಾರದ ಮಾತಿನಲ್ಲಿ ಇದಕ್ಕೆ ಸ್ಟ್ರೆಚ್ ಫಿಲ್ಮ್ ಎಂದು ಹೆಸರು. ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗಲು ನೋಡುವ, ತನಗೆ ತಾನೇ ಅಂಟಿಕೊಳ್ಳುವ ಹಾಳೆ ಇದು. ಈ ಹಾಳೆಯ ವಿಷಯದಲ್ಲಿ ಧರ್ಮಾಧರ್ಮದ ವಿಚಾರ ಏನು ಬಂತು ಎಂದು ವಾಚಕರು ಕೇಳಬಹುದು. ಇಪ್ಪತ್ತೇಳು ವರ್ಷ ಇದೇ ರಬಾಳೆಯಲ್ಲಿ ಸರಕು ರವಾನೆಯ ವಿಭಾಗದಲ್ಲಿ ದುಡಿದ ನನಗೂ ಬಹುಕಾಲ ಹಾಗೆಯೇ ಅನಿಸಿತ್ತು. ಆ ಅನಿಸಿಕೆ ತಪ್ಪೆಂದು ತಿಳಿಸಿಕೊಟ್ಟವರು ಇಬ್ಬರು. ಅವರಿಬ್ಬರೂ ಪುಸ್ತಕ ಓದಿದವರಲ್ಲ.

ಮೊದಲು ಪ್ರಶ್ನೆಯನ್ನು ನೇರವಾಗಿ ಇಟ್ಟುಬಿಡುತ್ತೇನೆ. ಒಂದು ವಸ್ತುವನ್ನು ಸುತ್ತಿ ಕಳಿಸುತ್ತೇವೆ. ಒಳಗಿನ ವಸ್ತುವಿಗೆ ಬೆಲೆ ಕೊಟ್ಟವನು ಅದರ ಒಡೆಯನಾಗುತ್ತಾನೆ. ಹಾಗಾದರೆ ಸುತ್ತಿದ ಹೊದಿಕೆ ಯಾರದು? ಕಳಿಸಿದವನು ಅದು ನನ್ನ ಗೇಟು ದಾಟಿತು ಎನ್ನುತ್ತಾನೆ. ಪಡೆದವನು ತಾನು ಕೊಂಡದ್ದು ಒಳಗಿನದನ್ನು, ಹೊದಿಕೆಯನ್ನಲ್ಲ ಎನ್ನುತ್ತಾನೆ. ನಡುವೆ ಬಿದ್ದ ಹಾಳೆಗೆ ಒಡೆಯರಿಲ್ಲ. ಒಡೆಯರಿಲ್ಲದ ವಸ್ತುವಿಗೆ ಹೊಣೆಗಾರರೂ ಇಲ್ಲವೆ?

ಸುತ್ತಿ ಕಟ್ಟುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಕರಾವಳಿಯಿಂದ ಬಂದ ಹಿರಿಯರು ಅಕ್ಕಿ ಮುಡಿಯನ್ನು ಮರೆತಿರಲಾರರು. ಬೈಹುಲ್ಲನ್ನು ಹರಡಿ, ಅದರ ನಡುವೆ ಅಕ್ಕಿ ಸುರಿದು, ಹುಲ್ಲಿನದೇ ಹಗ್ಗವನ್ನು ಸುತ್ತಸುತ್ತ ಬಿಗಿಯುತ್ತ, ಮರದ ಕೊಡತಿಯಿಂದ ಬಡಿದು ಉಂಡೆಗಟ್ಟಿಸಿದರೆ ಮೂರು ಕಳಸೆ, ಅಂದರೆ ೪೨ ಸೇರು ಅಕ್ಕಿ ಒಂದು ದುಂಡನೆಯ ಗಂಟಾಗುತ್ತಿತ್ತು. ಆ ಗಂಟು ಮಳೆಗಾಲದ ನಾಲ್ಕು ತಿಂಗಳು ಅಟ್ಟದ ಮೇಲೆ ಕೆಡದೆ ಕುಳಿತಿರುತ್ತಿತ್ತು. ಗೇಣಿ ಸಂದಾಯವೂ ಮುಡಿಯ ಲೆಕ್ಕದಲ್ಲೇ. ಮುಡಿ ಬಿಚ್ಚಿದ ದಿನ ಅಕ್ಕಿ ಒಳಗೆ ಹೋಗುತ್ತಿತ್ತು, ಹುಲ್ಲು ಹಟ್ಟಿಗೆ ಹೋಗುತ್ತಿತ್ತು. ದನ ತಿಂದು ಬಿಟ್ಟದ್ದು ಗೊಬ್ಬರದ ಗುಂಡಿಗೆ, ಅಲ್ಲಿಂದ ಮರಳಿ ಗದ್ದೆಗೆ. ಕಟ್ಟಿದವನಿಗೆ ಬಿಚ್ಚುವವನ ಚಿಂತೆ ಬೇರೆಯಾಗಿ ಮಾಡಬೇಕಾದ ಅಗತ್ಯವೇ ಇರಲಿಲ್ಲ. ಗದ್ದೆಯೇ ಅವರಿಬ್ಬರ ಪರವಾಗಿ ಆ ಚಿಂತೆ ಮಾಡುತ್ತಿತ್ತು. ಬಾಳೆಯೆಲೆಯಲ್ಲಿ ಕಟ್ಟಿದ ಹೂವು, ಅಡಕೆ ಹಾಳೆಯಲ್ಲಿ ಸುತ್ತಿದ ಬೆಲ್ಲ, ಎಲ್ಲದರ ಕತೆಯೂ ಅದೇ. ಹಿಂದಿನವರು ನಮಗಿಂತ ಸಜ್ಜನರಾಗಿದ್ದರೆಂದು ನಾನು ಹೇಳುತ್ತಿಲ್ಲ. ಅವರೂ ಎಸೆಯುತ್ತಿದ್ದರು. ಎಸೆದದ್ದು ಕೊಳೆಯುತ್ತಿತ್ತು, ಅಷ್ಟೆ.

ಪ್ಲಾಸ್ಟಿಕ್ ಹಾಳೆಯ ಚರಿತ್ರೆ ಇದಕ್ಕಿಂತ ಬಹಳ ಚಿಕ್ಕದು. ೧೯೩೩ರ ಮಾರ್ಚಿಯಲ್ಲಿ ಇಂಗ್ಲೆಂಡಿನ ವಿನ್ನಿಂಗ್ಟನ್ನಿನ ಐಸಿಐ ಪ್ರಯೋಗಾಲಯದಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಎಥಿಲೀನ್ ಅನಿಲವನ್ನು ಭಾರಿ ಒತ್ತಡದಲ್ಲಿಟ್ಟಾಗ, ಪಾತ್ರೆಯ ತಳದಲ್ಲಿ ಮೇಣದಂಥ ಬಿಳಿಯ ವಸ್ತುವೊಂದು ಉಳಿಯಿತು. ಅವರು ಹುಡುಕುತ್ತಿದ್ದದ್ದು ಅದನ್ನಲ್ಲ. ಅದೇ ಪಾಲಿಥೀನ್. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಯಂತ್ರಗಳ ತಂತಿಗೆ ಹೊದಿಕೆಯಾಗಿ ಅದು ಉಪಯೋಗಕ್ಕೆ ಬಂತು. ೧೯೫೩ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಅಷ್ಟು ಒತ್ತಡವಿಲ್ಲದೆಯೇ ಪಾಲಿಥೀನ್ ತಯಾರಿಸುವ ದಾರಿ ಕಂಡುಹಿಡಿದರು. ಆ ದಾರಿಯಲ್ಲೇ ಮುಂದೆ ಹೋದಾಗ ಹುಟ್ಟಿದ್ದು ಲೀನಿಯರ್ ಲೋ ಡೆನ್ಸಿಟಿ ಎಂಬ ಬಗೆ. ಅದರ ಗುಣವೆಂದರೆ ಹರಿಯದೆ ಬಹಳ ದೂರ ಹಿಗ್ಗುವುದು. ಇಂದಿನ ಸ್ಟ್ರೆಚ್ ಫಿಲ್ಮಿನ ಮೂಲದ್ರವ್ಯ ಬಹುಮಟ್ಟಿಗೆ ಅದೇ.

ಸರಕನ್ನು ಹಲಗೆಯ ಮಣೆಯ ಮೇಲೆ ಪೇರಿಸಿ ಒಟ್ಟಾಗಿ ಸಾಗಿಸುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಬಲವಾದ ಮೇಲೆ, ಪೇರಿಸಿದ್ದು ಬೀಳದಂತೆ ಹಿಡಿದಿಡುವ ಪ್ರಶ್ನೆ ಎದ್ದಿತು. ಮೊದಲು ಪ್ಲಾಸ್ಟಿಕ್ ಚೀಲ ತೊಡಿಸಿ, ಬಿಸಿ ಗಾಳಿ ಹಾಯಿಸಿ ಅದನ್ನು ಮುದುಡಿಸುತ್ತಿದ್ದರು. ಅದಕ್ಕೆ ಇಂಧನ ಬೇಕು, ದೊಡ್ಡ ಒಲೆಯಂಥ ಯಂತ್ರ ಬೇಕು. ಅಮೆರಿಕದ ಲೂಯಿವಿಲ್ ನಗರದಲ್ಲಿ ೧೯೭೨ರಲ್ಲಿ ಲ್ಯಾನ್‌ಟೆಕ್ ಎಂಬ ಸಂಸ್ಥೆಯನ್ನು ಆರಂಭಿಸಿದ ಪ್ಯಾಟ್ ಲ್ಯಾಂಕಾಸ್ಟರ್, ಸರಕನ್ನು ತಿರುಗುವ ಮೇಜಿನ ಮೇಲಿಟ್ಟು, ಹಾಳೆಯನ್ನು ಎಳೆದು ಹಿಗ್ಗಿಸುತ್ತ ಸುತ್ತುವ ಯಂತ್ರವನ್ನು ಬಳಕೆಗೆ ತಂದರು. ೧೯೭೩ರ ತೈಲ ಸಂಕಟದಿಂದ ಇಂಧನದ ಬೆಲೆ ಏರಿದಾಗ, ಬೆಂಕಿ ಬೇಡದ ಈ ವಿಧಾನ ಎಲ್ಲರಿಗೂ ಹಿಡಿಸಿತು. ಇಂದು ಯಂತ್ರದಲ್ಲಿ ಸುತ್ತುವಾಗ ಒಂದು ಮೀಟರ್ ಹಾಳೆ ಮೂರು ಮೀಟರಿಗೂ ಮಿಕ್ಕಿ ಹಿಗ್ಗುತ್ತದೆ. ಅದರ ದಪ್ಪ ಸಾಮಾನ್ಯವಾಗಿ ೧೨ರಿಂದ ೨೩ ಮೈಕ್ರಾನ್, ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಪಾಲಿಗಿಂತಲೂ ತೆಳುವು. ಒಂದು ಮಣೆಯ ಸರಕಿಗೆ ಕೆಲವು ನೂರು ಗ್ರಾಮ್ ಹಾಳೆ ಸಾಕು. ಅಷ್ಟು ಹಾಳೆ ಹತ್ತಾರು ಮಣ ಸರಕನ್ನು ಅಲುಗದಂತೆ ಹಿಡಿಯುತ್ತದೆ. ಹಿಗ್ಗಿದ ಹಾಳೆ ಮರಳಿ ತನ್ನ ಮೊದಲಿನ ಅಳತೆಗೆ ಬರಲು ಹವಣಿಸುತ್ತಲೇ ಇರುತ್ತದೆ. ಆ ಹವಣಿಕೆಯೇ ಅದರ ಹಿಡಿತ. ತೀರ ಎಳೆದುಬಿಟ್ಟರೆ ಮಾತ್ರ ಅದು ಮರಳುವ ಆಸೆ ಬಿಡುತ್ತದೆ. ಆಗ ಹಿಡಿತವೂ ಇಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಗುಣವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮ ಈ ಪ್ರದೇಶಕ್ಕೂ ಪಾಲಿಥೀನಿಗೂ ಹಳೆಯ ನಂಟು. ೧೯೬೨ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಠಾಣೆ ಖಾಡಿಯ ಆಚೆ ದಡದಲ್ಲಿ ಕೈಗಾರಿಕಾ ವಲಯ ರೂಪಿಸಿದ ಮೇಲೆ, ೧೯೬೦ರ ದಶಕದ ಕೊನೆಯಲ್ಲಿ ಈ ರಸ್ತೆಯ ಬದಿಯಲ್ಲೇ ನೊಸಿಲ್ ಸಂಸ್ಥೆಯ ನ್ಯಾಫ್ತಾ ಘಟಕವೂ ಪಾಲಿಓಲೆಫಿನ್ಸ್ ಕಾರಖಾನೆಯೂ ಎದ್ದವು. ದೇಶದಲ್ಲಿ ಪ್ಲಾಸ್ಟಿಕ್ ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ ಅದರ ಕಾಳುಗಳು ಇಲ್ಲಿಂದ ಹೊರಟವು. ದೊಡ್ಡ ಕಾರಖಾನೆಗಳ ಬೆನ್ನಿಗೆ ಸಣ್ಣವು ಬಂದವು, ಅವುಗಳ ಬೆನ್ನಿಗೆ ನಾವು ಬಂದೆವು. ೨೦೦೪ರಲ್ಲಿ ರಬಾಳೆಗೆ ರೈಲು ಬರುವ ತನಕ ಠಾಣೆಯಿಂದ ಬಸ್ಸಿನಲ್ಲಿ ಜೋತುಬಿದ್ದು ಹೋಗುತ್ತಿದ್ದ ನೂರಾರು ಕನ್ನಡಿಗರಲ್ಲಿ ನಾನೂ ಒಬ್ಬ.

ನಾನಿದ್ದ ಸಣ್ಣ ಕಾರಖಾನೆಯಲ್ಲಿ ಅಂಟಿನ ಡಬ್ಬಗಳು ತಯಾರಾಗುತ್ತಿದ್ದವು. ಡಬ್ಬಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು, ನಾಲ್ಕೈದು ಪೆಟ್ಟಿಗೆಗಳನ್ನು ಸೇರಿಸಿ ಗೋಣಿತಟ್ಟಿನಲ್ಲಿ ಸುತ್ತಿ, ದಬ್ಬಣ ಮತ್ತು ಸುತಲಿಯಿಂದ ಹೊಲಿದು, ಮೇಲೆ ಮಸಿಯಲ್ಲಿ ವಿಳಾಸ ಬರೆದು ಲಾರಿಗೆ ಏರಿಸುವುದು ಪದ್ಧತಿ. ಹೊಲಿಯುವ ಕೆಲಸಕ್ಕೆ ಆರು ಜನ. ಅವರಲ್ಲಿ ಹಿರಿಯರು ಕಲಬುರ್ಗಿ ಕಡೆಯವರು. ಎಲ್ಲರೂ ಅವರನ್ನು ಕಾಕಾ ಎಂದು ಕರೆಯುತ್ತಿದ್ದೆವು. ೧೯೯೬ರಲ್ಲಿ ಸ್ಟ್ರೆಚ್ ಫಿಲ್ಮ್ ತರಿಸುವ ಯೋಚನೆ ಬಂದಾಗ, ಖರ್ಚುವೆಚ್ಚದ ತಖ್ತೆ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಗೋಣಿತಟ್ಟು, ಸುತಲಿ, ಆರು ಜನರ ಸಂಬಳ, ಒಡೆದ ಡಬ್ಬಗಳ ನಷ್ಟ, ಇವೆಲ್ಲ ಒಂದು ಕಡೆ. ಹಾಳೆ, ಹಲಗೆಯ ಮಣೆ, ಇಬ್ಬರ ಸಂಬಳ, ಇವು ಇನ್ನೊಂದು ಕಡೆ. ಲೆಕ್ಕದಲ್ಲಿ ಸಂದೇಹಕ್ಕೆ ಎಡೆಯೇ ಇರಲಿಲ್ಲ. ನಾಲ್ವರು ಮನೆಗೆ ಹೋದರು. ಕಾಕಾ ಅವರಲ್ಲಿ ಒಬ್ಬರು. ತಖ್ತೆಯ ಕೆಳಗೆ ಇದ್ದದ್ದು ನನ್ನ ಸಹಿ.

ಕಾಕಾ ಹೊರಡುವ ದಿನ, ಹೊಸ ಹಾಳೆ ಸುತ್ತಿದ ಮಣೆಯೊಂದರ ಮೇಲೆ ಕೈಯಾಡಿಸಿ ನೋಡಿದರು. ಬೈಯುವರೇನೋ ಎಂದು ನಾನು ಕಾದೆ. ಅವರು ಹೇಳಿದ್ದು ಇಷ್ಟೆ: "ಛಲೋ ಐತ್ರಿ. ಅತ್ತಾಗ ಬಿಚ್ಚಾವರಿಗೆ ಹೊಲಿಗಿ ಕೊಯ್ಯೂ ತ್ರಾಸ ಇಲ್ಲ." ತನ್ನ ಅನ್ನ ಹೋಗುತ್ತಿರುವ ಹೊತ್ತಿನಲ್ಲಿ ಆ ಮನುಷ್ಯ ಯೋಚಿಸಿದ್ದು, ತಾನೆಂದೂ ನೋಡದ ಊರಿನ ಗೋದಾಮಿನಲ್ಲಿ ಗಂಟು ಬಿಚ್ಚುವವನ ಕೈಯನ್ನು ಕುರಿತು. ಅವರು ಹದಿನೈದು ವರ್ಷ ಹೊಲಿದ ಪ್ರತಿ ಗಂಟಿನಲ್ಲೂ ಆ ಕೈಯ ನೆನಪು ಇದ್ದಿರಬೇಕು. ಹೊಲಿಗೆಯ ಕೊನೆಯ ಗಂಟನ್ನು ಒಂದೇ ಎಳೆತಕ್ಕೆ ಬಿಚ್ಚುವ ಹಾಗೆ ಹಾಕುತ್ತಿದ್ದರೆಂಬುದು ನನಗೆ ಆಮೇಲೆ ನೆನಪಾಯಿತು. ನನ್ನ ತಖ್ತೆಯಲ್ಲಿ ಆ ಕೈಗೆ ಕಾಲಮ್ಮೇ ಇರಲಿಲ್ಲ.

ಎರಡು ವರ್ಷಗಳ ಬಳಿಕ ಕೆಲಸದ ನಿಮಿತ್ತ ಹುಬ್ಬಳ್ಳಿಗೆ ಹೋಗಬೇಕಾಯಿತು. ಡಿಸೆಂಬರದ ಬೆಳಗು. ಗೋಕುಲ ರಸ್ತೆಯ ಕಡೆ ನಮ್ಮ ಸರಕು ಇಳಿಯುವ ಗೋದಾಮಿನ ಹಿಂಬದಿಗೆ ಹೋದಾಗ, ಕಾವಲುಗಾರ ಬೆಂಕಿ ಕಾಯಿಸುತ್ತಿದ್ದ. ಐದಾರು ವರ್ಷದ ಅವನ ಮಗಳು ಪಕ್ಕದಲ್ಲಿ ಕುಳಿತು ಅಂಗೈ ಚಾಚಿದ್ದಳು. ಕರಿಯ ಹೊಗೆ, ಮೂಗಿಗೆ ಅಡರುವ ನಾತ. ಉರಿಯುತ್ತಿದ್ದದ್ದು ನಾವು ರಬಾಳೆಯಲ್ಲಿ ಸುತ್ತಿದ್ದ ಹಾಳೆ. ಅದರ ಮೇಲೆ ನಮ್ಮ ಚೀಟಿ ಇನ್ನೂ ಅಂಟಿಕೊಂಡಿತ್ತು. "ಇದನ್ನ ಸುಡಬಾರದಪ್ಪಾ, ಮಗು ಇದೆ" ಎಂದೆ. ಅವನು ತಲೆಯೆತ್ತಿ ನೋಡಿ, ಸಿಟ್ಟಿಲ್ಲದೆಯೇ ಕೇಳಿದ: "ಮತ್ತೇನ್ ಮಾಡ್ಲಿರಿ ಸಾಹೇಬ್ರ? ಕಳಿಸಿದವ್ರು ನೀವು. ಬ್ಯಾಡಂದ್ರ ನೀವ ಒಯ್ಯಿರಿ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ ಇಡೀ ರಾತ್ರಿ ಉತ್ತರ ಹುಡುಕಿದೆ. ಹೊಳೆದ ಉತ್ತರಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು: ಬಿಚ್ಚಿದವನದೇ ಹೊಣೆ. ವಸ್ತು ಅವನ ಕೈಯಲ್ಲಿದೆ, ಅವನೇ ಅದನ್ನು ಸರಿಯಾದ ಜಾಗಕ್ಕೆ ಸೇರಿಸಬೇಕು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹೊಣೆ ಎಂಬುದು ಆಯ್ಕೆಯ ಹಿಂದೆ ಬರುವಂಥದು. ಆ ಕಾವಲುಗಾರ ಹಾಳೆಯನ್ನು ಬೇಕೆಂದು ಕೇಳಿದವನಲ್ಲ. ಅದರ ಒಡೆಯನೂ ಅವನಲ್ಲ, ಅದನ್ನು ಕೊಳ್ಳುವ ಭಂಗಾರದವನು ಅಲ್ಲಿಗೆ ಬರುತ್ತಲೂ ಇರಲಿಲ್ಲ. ಚಳಿ ಇತ್ತು, ಕಟ್ಟಿಗೆ ಇರಲಿಲ್ಲ, ಹಾಳೆ ಇತ್ತು. ಆಯ್ಕೆ ಮಾಡಿದವರು ದೂರದಲ್ಲಿದ್ದು, ಆಯ್ಕೆಯೇ ಇಲ್ಲದವನ ಮೇಲೆ ಹೊಣೆ ಹೊರಿಸಿದರೆ ಅದನ್ನು ನೀತಿ ಎನ್ನಲಾಗದು. ಅದು ಭಾರವನ್ನು ಕೆಳಗೆ ಜಾರಿಸುವ ಉಪಾಯ ಮಾತ್ರ.

ಎರಡನೆಯದು: ತಯಾರಿಸಿದವನದೇ ಹೊಣೆ, ಈ ಹಾಳೆಯೇ ಪಾಪದ್ದು, ಅದನ್ನು ನಿಲ್ಲಿಸಿಬಿಡಿ. ಇದಕ್ಕೆ ಚಪ್ಪಾಳೆ ಹೆಚ್ಚು, ಆದರೆ ಇದೂ ಅವಸರದ ಮಾತು. ಗೋಣಿಯ ಕಾಲದಲ್ಲಿ ನಮ್ಮ ಡಬ್ಬಗಳು ದಾರಿಯಲ್ಲಿ ಒಡೆದು ಚೆಲ್ಲುತ್ತಿದ್ದವು. ಚೆಲ್ಲಿದ ಅಂಟೂ, ಜಜ್ಜಿದ ತಗಡೂ ಭೂಮಿಗೇ ಬೀಳುತ್ತಿದ್ದವು. ಒಡೆದ ಡಬ್ಬಕ್ಕೆ ಬದಲಾಗಿ ಇನ್ನೊಂದನ್ನು ತಯಾರಿಸಿ ಕಳಿಸಲು ಮತ್ತಷ್ಟು ಕಲ್ಲಿದ್ದಲು, ಮತ್ತಷ್ಟು ಡೀಸೆಲು. ಮರದ ಪೆಟ್ಟಿಗೆಗಳಿಗಾಗಿ ಬಿದ್ದ ಮರಗಳೆಷ್ಟೋ. ಒಂದೊಂದೇ ಗಂಟು ಹೊತ್ತು ಲಾರಿಗೆ ಏರಿಸಿದ ಹಮಾಲರ ಬೆನ್ನುನೋವು ಯಾವ ತಖ್ತೆಯಲ್ಲೂ ಬರೆದಿಲ್ಲ. ಔಷಧಿ, ಹಾಲಿನ ಪುಡಿ, ಗಾಜಿನ ಬಾಟಲಿಗಳು ದೂರದ ಊರುಗಳಿಗೆ ಕೆಡದೆ ತಲಪುವುದರಲ್ಲಿ ಈ ಹಾಳೆಯ ಪಾಲಿದೆ. ಒಳಗಿನದನ್ನು ಕೆಡಿಸಿಕೊಂಡು ಹೊರಗಿನದನ್ನು ಉಳಿಸಿದೆವೆಂದು ಹೆಮ್ಮೆ ಪಡುವುದು ವಿವೇಕವಲ್ಲ.

ಮೂರನೆಯದು: ಇದು ಸರಕಾರದ, ನಗರಪಾಲಿಕೆಯ ಕೆಲಸ. ನಾವು ತೆರಿಗೆ ಕೊಡುತ್ತೇವೆ, ಗುಡಿಸುವವರಿದ್ದಾರೆ. ಈ ಮಾತನ್ನು ೨೦೦೫ರ ಜುಲೈ ೨೬ರ ಬಳಿಕ ಮುಂಬಯಿಯವರು ಹೇಳುವಾಗ ಸ್ವಲ್ಪ ಯೋಚಿಸಬೇಕು. ಅಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ ೯೪೪ ಮಿಲಿಮೀಟರ್ ಮಳೆ ಸುರಿಯಿತು. ಅಷ್ಟು ಮಳೆಗೆ ಯಾವ ನಗರವೂ ತತ್ತರಿಸುತ್ತಿತ್ತು ನಿಜ. ಆದರೆ ನೀರು ಹರಿದುಹೋಗಬೇಕಾದ ಮೋರಿಗಳ ಬಾಯಲ್ಲಿ ಸಿಕ್ಕಿಕೊಂಡಿದ್ದವುಗಳಲ್ಲಿ ನಾವೆಲ್ಲ ಎಸೆದ ಪ್ಲಾಸ್ಟಿಕ್ ಚೀಲಗಳೂ ಇದ್ದವು. ಗುಡಿಸುವವನ ಕಸಬರಿಗೆಗೂ ಒಂದು ಮಿತಿ ಇದೆ. ಹತ್ತು ಸಾವಿರ ಕೈಗಳು ಚೆದುರಿಸಿದ್ದನ್ನು ಹತ್ತು ಕೈಗಳು ಬಾಚಲಾರವು.

ಹಾಗಾದರೆ ಹೊಣೆ ಯಾರದು? ನನಗೆ ಕಂಡ ಉತ್ತರ ಹಾಳೆಯ ಒಂದು ಗುಣದಲ್ಲಿಯೇ ಇದೆ. ಗೋದಾಮಿನಲ್ಲಿ ಬಿಚ್ಚಿದ ಹಾಳೆ, ಧೂಳು ತಾಗದೆ ಒಂದೇ ಕಡೆ ರಾಶಿ ಬಿದ್ದರೆ, ಭಂಗಾರದವರು ಹಣ ಕೊಟ್ಟು ಒಯ್ಯುತ್ತಾರೆ. ಅದು ಬಹುತೇಕ ಒಂದೇ ಜಾತಿಯ ಪ್ಲಾಸ್ಟಿಕ್. ಕರಗಿಸಿ ಮತ್ತೆ ಕಾಳು ಮಾಡುವುದು ಸುಲಭ. ಧಾರಾವಿಯ ಗಲ್ಲಿಗಳಲ್ಲಿ ಎಷ್ಟೋ ಕುಟುಂಬಗಳು ಪ್ಲಾಸ್ಟಿಕನ್ನು ವಿಂಗಡಿಸಿ, ಕರಗಿಸಿ ಬಾಳುತ್ತಿವೆ. ಅದೇ ಹಾಳೆ ಹರಿದು, ಮಣ್ಣು ಮೆತ್ತಿ, ಎಂಜಲು ಕಸದೊಡನೆ ಬೆರೆತರೆ ಅದನ್ನು ಮುಟ್ಟುವವರಿಲ್ಲ. ಗಾಳಿಗೆ ಹಾರಿ ಖಾಡಿಗೆ ಬಿದ್ದರೆ ಅದು ಕೊಳೆಯುವುದಿಲ್ಲ. ಬಿಸಿಲಿಗೆ ಪುಡಿಪುಡಿಯಾಗಿ ಕಣ್ಣಿಗೆ ಕಾಣದ ಚೂರುಗಳಾಗಿ ಉಳಿಯುತ್ತದೆ. ರಬಾಳೆಯಿಂದ ಪಶ್ಚಿಮಕ್ಕೆ ಐರೋಳಿ ದಾಟಿದರೆ ಠಾಣೆ ಖಾಡಿ. ೨೦೧೫ರಲ್ಲಿ ಅದನ್ನು ಫ್ಲೆಮಿಂಗೊ ಪಕ್ಷಿಗಳ ಅಭಯಾರಣ್ಯವೆಂದು ಸಾರಿದರು; ೨೦೨೨ರಲ್ಲಿ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಅದು ಸೇರಿತು. ಇಳಿತದ ಹೊತ್ತು ಅಲ್ಲಿ ನಿಂತರೆ ಒಂದು ಕಡೆ ಗುಲಾಬಿ ಬಣ್ಣದ ಹಕ್ಕಿಗಳ ಸಾಲು, ಇನ್ನೊಂದು ಕಡೆ ಕಾಂಡ್ಲಾ ಗಿಡಗಳ ಬೇರಿಗೆ ಸುತ್ತಿಕೊಂಡ ಪ್ಲಾಸ್ಟಿಕ್ಕಿನ ಎಳೆಗಳು. ವಸ್ತು ಒಂದೇ. ಒಂದು ಕಡೆ ಅದು ಸರಕು, ಇನ್ನೊಂದು ಕಡೆ ಕೇಡು. ವ್ಯತ್ಯಾಸ ಮಾಡಿದ್ದು, ಬಿಚ್ಚಿದ ಕೈಯಿಂದ ಮುಂದಿನ ಕೈಗೆ ದಾರಿ ಇತ್ತೇ ಇಲ್ಲವೇ ಎಂಬುದು.

ಆದ್ದರಿಂದ ನನ್ನ ತಿಳಿವಳಿಕೆ ಹೀಗೆ: ಹೊಣೆಯನ್ನು ಒಬ್ಬರ ತಲೆಗೆ ಕಟ್ಟುವಂತಿಲ್ಲ, ಆದರೆ ಅದಕ್ಕೊಂದು ಕ್ರಮ ಇದೆ. ದಾರಿಯನ್ನು ಯೋಚಿಸುವ ಹೊಣೆ ಸುತ್ತುವವನದು, ಏಕೆಂದರೆ ಆಯ್ಕೆ ಅವನದು, ಲಾಭವೂ ಅವನದು. ದಾರಿ ಇದ್ದ ಮೇಲೆ ಅದರಲ್ಲಿ ನಡೆಯುವ ಹೊಣೆ ಬಿಚ್ಚುವವನದು. ದಾರಿ ಕಾಯುವ ಹೊಣೆ ಸರಕಾರದ್ದು. ದಾರಿಯನ್ನೇ ಮಾಡದೆ, ಯಾಕೆ ನಡೆಯಲಿಲ್ಲವೆಂದು ಬಿಚ್ಚುವವನನ್ನು ಗದರಿಸುವ ಅಧಿಕಾರ ಸುತ್ತಿದವನಿಗಿಲ್ಲ. ಹುಬ್ಬಳ್ಳಿಯಲ್ಲಿ ನಾನು ಮಾಡಿದ್ದು ಅದನ್ನೇ.

ಇದೇ ಅಳತೆಗೋಲಿನಿಂದ ಕಾನೂನನ್ನೂ ನೋಡಬಹುದು. ಮಹಾರಾಷ್ಟ್ರ ಸರಕಾರ ೨೦೧೮ರ ಮಾರ್ಚ್ ೨೩ರಂದು ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿತು. ಮೂರು ತಿಂಗಳ ಬಳಿಕ, ಜೂನ್ ೨೩ರಿಂದ ದಂಡ ಆರಂಭವಾಯಿತು. ಮೊದಲ ತಪ್ಪಿಗೆ ೫,೦೦೦ ರೂಪಾಯಿ, ಎರಡನೆಯದಕ್ಕೆ ೧೦,೦೦೦, ಮೂರನೆಯದಕ್ಕೆ ೨೫,೦೦೦ ಮತ್ತು ಮೂರು ತಿಂಗಳ ಸೆರೆ. ಆ ದಿನಗಳಲ್ಲಿ ಸಾಂಬಾರಿನ ಪಾರ್ಸೆಲ್ ಹೇಗೆ ಕಟ್ಟುವುದೆಂದು ನಮ್ಮ ಹೋಟೆಲಿನವರು ಪಟ್ಟ ಪಾಡು ಅನೇಕರಿಗೆ ನೆನಪಿರಬಹುದು. ಪೇಟೆಯಲ್ಲಿ ಮೆಂತೆ ಸೊಪ್ಪು ಮಾರುವ ಮುದುಕಿ ತೆಳು ಚೀಲಕ್ಕಾಗಿ ದಂಡದ ಭಯದಲ್ಲಿದ್ದಳು. ಆದರೆ ಕಾರಖಾನೆಯಲ್ಲೇ ಸರಕಿಗೆ ಸುತ್ತುವ ಹಾಳೆಗೆ ವಿನಾಯಿತಿ ಇತ್ತು. ಇದು ಬಡವನಿಗೊಂದು ಉಳ್ಳವನಿಗೊಂದು ನ್ಯಾಯವೆಂದು ಹಲವರು ಸಿಡಿಮಿಡಿಗೊಂಡರು. ವಿನಾಯಿತಿಗೆ ಒಂದು ತರ್ಕ ಇಲ್ಲದಿಲ್ಲ. ಚೀಲ ಸಾವಿರ ಮನೆಗಳಿಗೆ ಚೆದುರುತ್ತದೆ, ಸರಕಿನ ಹಾಳೆ ಕೆಲವೇ ಗೋದಾಮುಗಳಲ್ಲಿ ಒಟ್ಟಾಗಿ ಬೀಳುತ್ತದೆ. ಹಿಂದಕ್ಕೆ ಪಡೆಯುವುದು ಸಾಧ್ಯ. ಆದರೆ ಸಾಧ್ಯವೆಂಬ ಕಾರಣಕ್ಕೆ ಸಿಕ್ಕ ರಿಯಾಯಿತಿಯನ್ನು ಪಡೆದು, ಹಿಂದಕ್ಕೆ ಪಡೆಯುವ ಕೆಲಸವನ್ನು ಮಾಡದಿದ್ದರೆ, ಸೊಪ್ಪಿನ ಮುದುಕಿಯ ಮುಂದೆ ನಾವು ತಲೆಯೆತ್ತುವಂತಿಲ್ಲ. ವಿನಾಯಿತಿ ಎಂದರೆ ನಂಬಿ ಕೊಟ್ಟ ಸಾಲ.

೨೦೨೨ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ ಮಾರ್ಗಸೂಚಿಯನ್ನು ಪ್ರಕಟಿಸಿತು. ಪ್ಲಾಸ್ಟಿಕ್ ಹೊದಿಕೆಯನ್ನು ತಯಾರಿಸುವವರು, ತರಿಸುವವರು, ಅದರಲ್ಲಿ ತಮ್ಮ ಸರಕು ಸುತ್ತಿ ಮಾರುವವರು ಅದರ ಮುಂದಿನ ಗತಿಗೂ ಲೆಕ್ಕ ಕೊಡಬೇಕೆಂಬುದು ಅದರ ತಿರುಳು. ಓದಿದಾಗ ನನಗೆ ನಗು ಬಂತು, ನಾಚಿಕೆಯೂ ಆಯಿತು. ಆ ಕಾವಲುಗಾರ ಒಂದೇ ಸಾಲಿನಲ್ಲಿ ಹೇಳಿದ್ದನ್ನು ಸರಕಾರ ಪುಟಗಟ್ಟಲೆ ಹೇಳಿತ್ತು: ಕಳಿಸಿದವರು ನೀವು, ನೀವೇ ಒಯ್ಯಿರಿ.

ಹುಬ್ಬಳ್ಳಿಯಿಂದ ಬಂದ ಮೇಲೆ ನಾನೇನು ಮಾಡಿದೆ ಎಂಬುದನ್ನೂ ಹೇಳಿಬಿಡಬೇಕು, ಇಲ್ಲವಾದರೆ ಇದು ಬರೀ ಉಪದೇಶವಾದೀತು. ಹಳೆಯ ಗೋಣಿಚೀಲಗಳನ್ನು ಸರಕಿನ ಜತೆ ಕಳಿಸಿ, ಬಿಚ್ಚಿದ ಹಾಳೆಯನ್ನು ಅದರಲ್ಲಿ ತುರುಕಿ ಮರಳುವ ಲಾರಿಯಲ್ಲಿ ತರಿಸೋಣವೆಂದು ಸೂಚಿಸಿದೆ. ತೂಕ ಕಮ್ಮಿ, ಜಾಗ ಹೆಚ್ಚು ಎಂದು ಲಾರಿಯವರು ಗೊಣಗಿದರು. ಮೇಲಿನವರು ಇದರಿಂದ ಬರುವುದೇನೆಂದು ಕೇಳಿದರು. ಕೊನೆಗೆ ಚೀಲಕ್ಕಿಷ್ಟು ಎಂದು ಚಾಲಕನಿಗೂ, ಇಷ್ಟು ಎಂದು ಕಾವಲುಗಾರನಿಗೂ ಕೊಟ್ಟ ಮೇಲೆ ಕೆಲಸ ಸಾಗಿತು. ಮಾರಿ ಬಂದ ಹಣ ಆ ಖರ್ಚಿಗೆ ಸರಿಹೋಗುತ್ತಿತ್ತು, ಲಾಭವೇನೂ ಇರಲಿಲ್ಲ. ಹುಬ್ಬಳ್ಳಿ ಒಂದು ಕಡೆ ಮಾತ್ರ ನಡೆಯಿತು. ಉಳಿದ ಊರುಗಳಲ್ಲಿ ನಡೆಯಲಿಲ್ಲ. ನಾನು ನಿವೃತ್ತನಾದ ಮೇಲೆ ಅದೂ ನಿಂತಿತೆಂದು ಕೇಳಿದೆ. ಒಬ್ಬನ ಮನಸ್ಸಿಗೆ ಕಟ್ಟಿದ ವ್ಯವಸ್ಥೆ ಅವನೊಡನೆ ಹೋಗುತ್ತದೆ. ಆದ್ದರಿಂದಲೇ ಕಾನೂನು ಬೇಕು. ಆದರೆ ಕಾನೂನು ಬರುವ ತನಕ ಒಬ್ಬನ ಮನಸ್ಸಾದರೂ ಬೇಕು. ಕಾಕಾನ ಕೆಲಸವನ್ನು ಮಾತ್ರ ನಾನು ಮರಳಿ ಕೊಡಿಸಲಾಗಲಿಲ್ಲ. ಆ ಬಾಕಿ ಇಂದಿಗೂ ಉಳಿದಿದೆ. ಯಾವ ಹಾಳೆಯನ್ನು ಹಿಂದಕ್ಕೆ ತಂದರೂ ಅದು ತೀರುವಂಥದಲ್ಲ.

ಒಬ್ಬನಿಂದ ಏನಾದೀತು ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಲೋಕದ ಪ್ಲಾಸ್ಟಿಕ್ ರಾಶಿಯ ಮುಂದೆ ತಿಂಗಳಿಗೆ ಹತ್ತು ಗೋಣಿಚೀಲ ಏನೂ ಅಲ್ಲ. ಆದರೆ ಆ ಹತ್ತು ಚೀಲ ಹಾಳೆ ಹೊಗೆಯಾಗಿ ಒಂದು ಮಗುವಿನ ಎದೆಗೆ ಇಳಿಯಲಿಲ್ಲ. ನೀತಿಯ ಲೆಕ್ಕ ಯಾವಾಗಲೂ ಸಮುದ್ರದ ಅಳತೆಯಲ್ಲೇ ನಡೆಯಬೇಕಾಗಿಲ್ಲ. ಎದುರಿಗೆ ಕುಳಿತವರ ಅಳತೆಯಲ್ಲೂ ನಡೆಯುತ್ತದೆ.

ನಮ್ಮ ಮನೆಗಳ ಮಾತಿಗೆ ಬರೋಣ. ಡೊಂಬಿವಲಿಯ ಚಾಳಿನ ಒಂದೇ ಕೋಣೆಯಲ್ಲಿ ನಾವಿದ್ದ ದಿನಗಳಲ್ಲಿ, ಹಾಲಿನ ಖಾಲಿ ಚೀಲವನ್ನು ತೊಳೆದು ಕಿಟಕಿಯ ಸರಳಿಗೆ ಒಣಹಾಕುವುದು ನನ್ನವಳ ನಿತ್ಯವಿಧಿ. ತಿಂಗಳಿಗೊಮ್ಮೆ ರದ್ದಿಯವನು ತೂಗಿ ಒಯ್ಯುತ್ತಿದ್ದ. ನಾಲ್ಕು ಕಾಸು ಸಿಗುತ್ತದೆಂಬುದೇ ಅದಕ್ಕೆ ಕಾರಣ, ಪರಿಸರ ಪ್ರೇಮವೇನಲ್ಲ. ಆದರೆ ಆ ಬಡತನ ನಮಗೆ ವಸ್ತುವಿನ ಮುಂದಿನ ದಾರಿಯನ್ನು ತಿಳಿಸಿಕೊಟ್ಟಿತ್ತು. ಇಂದು ಐರೋಳಿಯ, ಕಲ್ಯಾಣದ ಹೊಸ ಕಟ್ಟಡಗಳಲ್ಲಿ ಮಕ್ಕಳ ಮನೆಗೆ ದಿನಕ್ಕೆರಡು ಪೊಟ್ಟಣ ಬರುತ್ತವೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರ ಮೇಲೆ ಹಾಳೆ. ಬಿಚ್ಚಿ ಬುಟ್ಟಿಗೆ ಹಾಕಿದರೆ ಬೆಳಿಗ್ಗೆ ಅದು ಮಾಯ. ಎಲ್ಲಿಗೆ ಹೋಯಿತೆಂದು ಮೊಮ್ಮಗನನ್ನು ಕೇಳಿದರೆ "ಕಚರಾದಲ್ಲಿ ಅಜ್ಜ" ಎನ್ನುತ್ತಾನೆ. ಅದರಾಚೆಗೂ ಒಂದು ಊರಿದೆ, ಅಲ್ಲಿಯೂ ಕೈಗಳಿವೆ ಎಂಬುದು ಅವನಿಗೆ ಗೊತ್ತಿಲ್ಲ. ನಾವು ಹೇಳಿಕೊಟ್ಟಿಲ್ಲ. ಮುಡಿಯ ಹುಲ್ಲು ಹಟ್ಟಿಗೆ ಹೋಗುತ್ತದೆಂದು ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ, ಅದು ಕಣ್ಣೆದುರಿಗೇ ನಡೆಯುತ್ತಿತ್ತು. ಕಣ್ಣೆದುರಿಗೆ ನಡೆಯದ್ದನ್ನು ಹೇಳಿಯೇ ಕೊಡಬೇಕು.

ಕೊನೆಗೊಂದು ಮಾತು. ಕಳೆದ ವರ್ಷ ಸಂಘವೊಂದರ ವಾರ್ಷಿಕೋತ್ಸವದಲ್ಲಿ ಹಿರಿಯನೆಂದು ನನ್ನನ್ನು ಕೂರಿಸಿ ಶಾಲು ಹೊದಿಸಿ, ಫಲಪುಷ್ಪ ಕೊಟ್ಟು ಸನ್ಮಾನಿಸಿದರು. ಅವರ ಪ್ರೀತಿ ದೊಡ್ಡದು. ಮನೆಗೆ ಬಂದು ನೋಡಿದರೆ ಹಣ್ಣಿನ ಬುಟ್ಟಿಯ ಸುತ್ತ ಬಿಗಿದ ಹಾಳೆ, ಹೂಗುಚ್ಛಕ್ಕೆ ಇನ್ನೊಂದು, ಸ್ಮರಣಿಕೆಗೆ ಮತ್ತೊಂದು. ಸಿಹಿತಿಂಡಿಯ ಡಬ್ಬಕ್ಕೂ ಆಮಂತ್ರಣ ಪತ್ರಿಕೆಗೂ ಪ್ಲಾಸ್ಟಿಕ್ ಹಾಳೆ ಸುತ್ತುವುದನ್ನು ೨೦೨೨ರ ಜುಲೈ ೧ರಿಂದ ದೇಶದಾದ್ಯಂತ ನಿಷೇಧಿಸಿದ್ದಾರೆ. ಹಣ್ಣಿನ ಬುಟ್ಟಿಯ ಹೆಸರು ಆ ಪಟ್ಟಿಯಲ್ಲಿ ಇಲ್ಲದಿರಬಹುದು. ವೇದಿಕೆಯಿಂದ ನಮ್ಮ ಕಾರಿನ ತನಕ, ಇನ್ನೂರು ಹೆಜ್ಜೆ ದೂರ, ಆ ಹಣ್ಣುಗಳಿಗೆ ಯಾವ ಅಪಾಯವಿತ್ತು? ಹುಬ್ಬಳ್ಳಿಗೆ ಹೋಗುವ ಸರಕಿಗೆ ಹಾಳೆ ಬೇಕಿತ್ತು. ಇಲ್ಲಿ ಅದು ಬರೀ ಹೊಳಪಿಗೆ. ಬೇಕಾದಲ್ಲಿ ಸುತ್ತೋಣ, ಸುತ್ತಿದ್ದಕ್ಕೆ ದಾರಿ ಮಾಡೋಣ, ಬೇಡದಲ್ಲಿ ಸುತ್ತದಿರೋಣ. ಬಾಳೆಯೆಲೆ ಹಾಸಿದ ತಟ್ಟೆಯಲ್ಲಿ ಹಣ್ಣು ಕೊಟ್ಟರೆ ಸನ್ಮಾನಕ್ಕೆ ಕುಂದಾಗದೆಂದು ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ಬಿನ್ನಹ.

ಆ ರಾತ್ರಿ ಮೂರೂ ಹಾಳೆಗಳನ್ನು ಹರಿಯದಂತೆ ಬಿಚ್ಚಿ, ಮಡಚಿ, ರದ್ದಿಯವನ ಚೀಲದಲ್ಲಿಟ್ಟೆ. ಬಿಚ್ಚುವಾಗ ಬುಟ್ಟಿ ಕಟ್ಟಿದವರು ಅಂಟಿಸಿದ ತುದಿ ಬೇಗನೆ ಸಿಗದೆ ಉಗುರು ನೊಂದಿತು. ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕುತ್ತಿದ್ದ ಕಾಕಾ ನೆನಪಾದರು.